ಸಾಧು ಹುಳುಗಳು

ಸಮಿತಿಯವರು ಬರಲು ಇನ್ನೊಂದೇ ಗಂಟೆ ಇದೆ ಎನ್ನುವಾಗ ತಳಿ ವಿಜ್ಞಾನಿ ಹೊಲದಲ್ಲಿ ಗಕ್ಕನೆ ನಿಂತ. ಹುಳು ಮುಟ್ಟುವುದೇ ಇಲ್ಲ ಎಂದು ವರದಿಯಲ್ಲಿ ಬರೆದುಕೊಟ್ಟಿದ್ದ ಅವನ ಮೆಕ್ಕೆಜೋಳದ ತಳಿ ಬೇಲಿ ಪಕ್ಕದಲ್ಲಿ ಎಲೆಯೆಲ್ಲ ಜರಡಿಯಾಗಿ ನಿಂತಿತ್ತು. ಇಷ್ಟು ವರ್ಷ ಬಲೆ ಕಟ್ಟಿದ ಮನೆಯೊಳಗೆ ಬೆಳೆದದ್ದನ್ನು ಮೊದಲ ಸಲ ಬಯಲಿಗೆ ಹಾಕಿದ್ದ. ಸುಳಿಯಲ್ಲಿ ದಪ್ಪನೆಯ ಹುಳುವೊಂದು ಯಾರ ಹಂಗೂ ಇಲ್ಲದೆ ಮೇಯುತ್ತಿತ್ತು. ಹನ್ನೊಂದು ವರ್ಷದ ದುಡಿಮೆ! ಸಮಿತಿ ಒಪ್ಪಿದರೆ ಬೀಜ ರೈತರ ಕೈಗೆ, ಇಲ್ಲವಾದರೆ ಮತ್ತೆ ಮೊದಲಿಂದ.

ಹುಳುವನ್ನು ಎಲೆಯ ಸಮೇತ ಡಬ್ಬಿಗೆ ಹಾಕಿಕೊಂಡು ಅವನು ಹುಳದಮ್ಮನ ಕೋಣೆಗೆ ಓಡಿದ. ಪರೀಕ್ಷೆಗೆ ಬೇಕಾದ ಹುಳುಗಳನ್ನು ಸಾಕುವವಳು ಆಕೆ. ಪ್ರತಿ ಬೆಳೆಗೂ ಆಕೆಯ ಹುಳುಗಳನ್ನು ಗಿಡಗಳಿಗೆ ಬಿಡುವುದು, ಅವು ಮುಟ್ಟದ ಗಿಡದ ಬೀಜವನ್ನು ಎತ್ತಿಟ್ಟುಕೊಳ್ಳುವುದು. ತಳಿ ಬೆಳೆದದ್ದೇ ಹಾಗೆ.

"ಅಮ್ಮಾ, ಇದು ನಿಮ್ಮಿಂದ ತಪ್ಪಿಸಿಕೊಂಡು ಬಂದದ್ದಾ?"

ಹುಳದಮ್ಮ ಕನ್ನಡಕ ಏರಿಸಿ ನೋಡಿ ಮೂಗು ಮುರಿದಳು. "ಅಯ್ಯೋ, ನಮ್ಮದಲ್ಲ ಸಾರ್. ಹೇಗೆ ಮುಕ್ಕುತ್ತೆ ನೋಡಿ, ನಾಚಿಕೆಗೆಟ್ಟದ್ದು. ನಮ್ಮವೂ ಮೊದಮೊದಲು ಹೀಗೇ ಇದ್ದವು, ಒಂದನ್ನೊಂದು ಕಚ್ಚಿ ತಿನ್ನೋವು. ನಾನು ಬಿಡ್ತೀನಾ? ಹೊಟ್ಟೆಬಾಕಗಳನ್ನೆಲ್ಲ ಆರಿಸಿ ಆರಿಸಿ ಎಸೆದೆ. ಸಾಧು ಇರೋವನ್ನ ಮಾತ್ರ ಮರಿ ಮಾಡಿಸೋಕೆ ಉಳಿಸಿಕೊಂಡೆ. ಈಗ ಬೇಯಿಸಿದ ಹಿಟ್ಟು ಕೊಟ್ರೆ ಅಷ್ಟೋ ಇಷ್ಟೋ ತಿಂತಾವೆ. ಎಲೆ ಕೊಟ್ರೆ ಮುಖ ತಿರುಗಿಸ್ತಾವೆ, ಪಾಪ."

ವಿಜ್ಞಾನಿ ಸ್ಟೂಲು ಎಳೆದುಕೊಂಡು ಕುಳಿತ. ಎಲಾ ಇವಳ! ಜೋಳವನ್ನು ತಿದ್ದುತ್ತಿದ್ದೇನೆ ಎಂದು ತಾನು ಬೀಗುತ್ತಿದ್ದ ಅಷ್ಟೂ ವರ್ಷ ಈ ಹೆಂಗಸು ಹುಳುವನ್ನು ತಿದ್ದಿ ಮುಗಿಸಿದ್ದಳು. ಜೋಳ ಇದ್ದಲ್ಲೇ ಇತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಇದನ್ನ ನನಗೆ ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಯಾವತ್ತು ಈ ಕೋಣೆಗೆ ಬಂದಿದ್ರಿ ಸಾರ್?"

ಅಷ್ಟರಲ್ಲಿ ಸಮಿತಿಯ ಕಾರು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟಿತು. ವಿಜ್ಞಾನಿ ಅವರನ್ನು ಬೇಲಿಯ ಕಡೆ ತಲೆಹಾಕಲು ಬಿಡದೆ ಬಲೆಮನೆಗೆ ಕರೆದೊಯ್ದ. "ವರದಿ ಓದಿದ್ದೇವೆ. ಒಂದು ಗಿಡಕ್ಕೆ ನಮ್ಮೆದುರಿಗೇ ಹುಳು ಬಿಡಿ, ಕಣ್ಣಾರೆ ನೋಡಿಬಿಡೋಣ," ಎಂದರು ಅಧ್ಯಕ್ಷರು.

ಹುಳದಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಯಾವ ಡಬ್ಬಿ ತರಲಿ ಸಾರ್?"

ನಿಜ ಅವನ ನಾಲಗೆ ತುದಿಯವರೆಗೂ ಬಂದಿತ್ತು. ಹನ್ನೊಂದು ವರ್ಷ ಅದನ್ನು ಹಿಂದಕ್ಕೆ ಎಳೆಯಿತು. "ನಿಮ್ಮದೇ ತನ್ನಿ," ಎಂದ, ಆಕೆಯ ಮುಖ ನೋಡದೆ.

ಎಲ್ಲರೂ ಚಹಾ ಕುಡಿದು ಬಂದು ನೋಡಿದರೆ ಒಂದು ಎಲೆಯ ಅಂಚೂ ಹರಿದಿರಲಿಲ್ಲ. ಹುಳುಗಳು ಸುಳಿಯಲ್ಲಿ ಸುರುಳಿ ಸುತ್ತಿ ಮಲಗಿದ್ದವು. ಅಧ್ಯಕ್ಷರು ಭೇಷ್ ಎಂದು ಅವನ ಬೆನ್ನು ತಟ್ಟಿ ಅಲ್ಲೇ ಸಹಿ ಹಾಕಿದರು. "ರೈತರಿಗೆ ಬೀಜದ ಜೊತೆ ಇನ್ನೇನಾದ್ರೂ ಕೊಡಬೇಕಾ?"

ವಿಜ್ಞಾನಿ ಸಹಿಯಾದ ಕಾಗದವನ್ನು ಮಡಚತೊಡಗಿದ. ಹುಳದಮ್ಮನೇ ಒಂದು ಹೆಜ್ಜೆ ಮುಂದೆ ಬಂದಳು.

"ಹುಳುಗಳನ್ನೂ ನಾವೇ ಕೊಟ್ಟರೆ ಒಳ್ಳೇದು ಸಾರ್."