ರಬ್ಬರ್ ಗಿಡದ ಬುಡದಲ್ಲಿ

“ಆ ಚೀಲದಲ್ಲೇನಿದೆ?”

ಲಕ್ಷ್ಮೀನರಸಮ್ಮ ಬಾಗಿಲಿಗೆ ಅಡ್ಡ ನಿಂತೇ ಕೇಳಿದರು.

“ಗೊಬ್ಬರ ಅಮ್ಮ,” ಎಂದಳು ತನುಜ.

“ಎಲ್ಲಿಂದ ತಂದಿದ್ದು?”

“ಶಿಡ್ಲಘಟ್ಟದಿಂದ. ನಮ್ಮನೆಯಿಂದಾನೇ.”

ಆಗ ಲಕ್ಷ್ಮೀನರಸಮ್ಮನವರಿಗೆ ಮುಖದ ಗುರುತು ಹತ್ತಿತು. ಹಜಾರದ ಚಾವಣಿ ಮುಟ್ಟಿದ್ದ ರಬ್ಬರ್ ಗಿಡ ಕುಂಡವನ್ನೇ ಸೀಳಿತ್ತು. ಅಷ್ಟು ದೊಡ್ಡ ಗಿಡದ ಕುಂಡ ಬದಲಿಸಲು ಚಿಂತಾಮಣಿಯ ನರ್ಸರಿಯವರು ಯಾರೂ ಒಪ್ಪಿರಲಿಲ್ಲ. ಫೋನಿನಲ್ಲಿ ಒಪ್ಪಿದವಳು ಶಿಡ್ಲಘಟ್ಟದಲ್ಲಿ ಗಿಡದ ಕೆಲಸ ಮಾಡುವ ಇವಳೊಬ್ಬಳೇ. ಈಗ ನೋಡಿದರೆ, ಮೂರು ವರ್ಷದ ಹಿಂದೆ ತಾವೇ ಮಗ ವೇಣುಗೋಪಾಲನಿಗೆಂದು ನೋಡಿ, ಬೇಡವೆಂದು ಬಂದಿದ್ದ ಹುಡುಗಿ.

ಬೇಡವೆಂದು ಸುಮ್ಮನೆ ಬಂದಿದ್ದರೆ ಯಾವ ತಕರಾರೂ ಇರುತ್ತಿರಲಿಲ್ಲ. ತನುಜಳ ಅಪ್ಪ ಪಾಪಯ್ಯನವರದು ಗೂಡನ್ನು ಬಿಸಿನೀರಿಗೆ ಹಾಕಿ ರೇಷ್ಮೆ ನೂಲು ತೆಗೆಯುವ ಕಸುಬು. ನೂಲು ಬಿಚ್ಚಿದ ಮೇಲೆ ಉಳಿಯುವ ಸತ್ತ ಹುಳುವಿನ ವಾಸನೆ ಅವರ ಬೀದಿಗೆಲ್ಲ ಇದೆ. ಹೆಣ್ಣು ನೋಡಲು ಹೋದ ಲಕ್ಷ್ಮೀನರಸಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡರು. ಕೊಟ್ಟ ಕಾಫಿ ಮುಟ್ಟಲಿಲ್ಲ. ಪಾಪಯ್ಯನವರ ಎದುರಿಗೇ ಹೇಳಿದರು: “ಈ ನಾತದಲ್ಲಿ ಹೆಂಗಿರ್ತಾರೋ! ಈ ಜನ ಎಷ್ಟು ತೊಳ್ಕೊಂಡ್ರೂ ಹೋಗಲ್ಲ ಇದು.”

ಅಂದಿನಿಂದ ಪಾಪಯ್ಯ ಯಾರ ಮದುವೆಗೆ ಹೊರಟರೂ ಎರಡೆರಡು ಸಲ ಸ್ನಾನ ಮಾಡುತ್ತಾರೆ. ಕೈ ಮೂಸಿ ನೋಡುತ್ತಾರೆ. ಮತ್ತೆ ತೊಳೆಯುತ್ತಾರೆ. ಕೊನೆಗೆ ಇಸ್ತ್ರಿ ಮಾಡಿದ ಅಂಗಿ ಬಿಚ್ಚಿಟ್ಟು ಮನೆಯಲ್ಲೇ ಉಳಿಯುತ್ತಾರೆ. ಆ ಅಂಗಿಯನ್ನು ಮತ್ತೆ ಮಡಿಸಿ ಒಳಗಿಡುವವಳು ತನುಜ. ಇವತ್ತು ಆ ಸಿಟ್ಟನ್ನು ಹೊತ್ತುಕೊಂಡೇ ಅವಳು ಈ ಮನೆಯ ಹೊಸ್ತಿಲು ದಾಟಿದ್ದಳು.

“ನಾನಿಲ್ಲೇ ಕೂತಿರ್ತೀನಿ,” ಎಂದು ಲಕ್ಷ್ಮೀನರಸಮ್ಮ ಕುರ್ಚಿ ಎಳೆದುಕೊಂಡರು. “ಗಿಡಕ್ಕೇನಾದ್ರೂ ಆಯ್ತೋ, ನೋಡ್ಕೋ ಮತ್ತೆ. ಭಾನುವಾರ ಪೆರೇಸಂದ್ರದಿಂದ ಹೆಣ್ಣಿನ ಕಡೆಯವರು ಮನೆ ನೋಡೋಕೆ ಬರ್ತಾವ್ರೆ. ಪೆಟ್ರೋಲ್ ಬಂಕ್ ನರಸಿಂಹಪ್ಪನೋರು. ಈ ಸಂಬಂಧ ಕೈತಪ್ಪಬಾರದು.”

“ಗೊತ್ತಮ್ಮ ಅವರು. ಒಳ್ಳೇ ಜನ,” ಎಂದಳು ತನುಜ.

ಜೊತೆಗೆ ಬಂದಿದ್ದ ಇಬ್ಬರು ಆಳುಗಳು ಗಿಡವನ್ನು ಗೋಣಿತಾಟಿನ ಮೇಲೆ ಮಲಗಿಸಿದರು. ಹಳೆಯ ಕುಂಡ ಒಡೆದರು. ಬೇರುಗಳು ಒಂದರ ಮೇಲೊಂದು ಸಿಂಬಿ ಸುತ್ತಿಕೊಂಡಿದ್ದವು. ತನುಜ ಚಾಕು ತೆಗೆದು ಕಚಕಚ ಕತ್ತರಿಸತೊಡಗಿದಳು. ಬಿಳೀ ಹಾಲು ಸುರಿಯಿತು.

“ಅಯ್ಯೋ, ಸಾಯಿಸ್ತಿದೀಯಲ್ಲೇ!”

“ಸುಮ್ನೆ ಬಿಟ್ರೆ ತನ್ನ ಬೇರೇ ತನ್ನ ಕುತ್ತಿಗೆ ಹಿಸುಕುತ್ತೆ ಅಮ್ಮ.”

ಹೊಸ ಕುಂಡಕ್ಕೆ ಚೀಲ ಸುರಿದಾಗ ಲಕ್ಷ್ಮೀನರಸಮ್ಮ ಎದ್ದು ಬಗ್ಗಿ ಮೂಸಿದರು. ಕಮಟು ವಾಸನೆ.

“ಏನೋ ಸೇರಿಸಿದೀಯ.”

“ಬೇವಿನ ಹಿಂಡಿ.”

“ಅದು ಬಿಟ್ಟು?”

ತನುಜ ತಲೆ ಎತ್ತಲಿಲ್ಲ. “ನಮ್ಮಂಥೋರ ಮನೇಲಿ ಇನ್ನೇನಿರುತ್ತಮ್ಮ?”

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು: “ಎರಡು ದಿನ ಬಿಟ್ಟು ನೀವೇ ನೀರು ಹಾಕಿ. ನೀರು ಬಿದ್ದ ಮೇಲೆ ಏನಾದ್ರೂ ವಾಸನೆ ಬಂದ್ರೆ ನಂಗೊಂದು ಫೋನ್ ಮಾಡಿ.”

ನೀರು ಹಾಕಿದ ದಿನವೇ ವಾಸನೆ ಬಂತು. ಮೊದಲು ಕುಂಡದ ಹತ್ತಿರ, ಆಮೇಲೆ ಹಜಾರದಲ್ಲಿ, ಸಂಜೆಗೆ ದೇವರ ಮನೆಯಲ್ಲಿ. ಲಕ್ಷ್ಮೀನರಸಮ್ಮ ಕಟ್ಟುಗಟ್ಟಲೆ ಊದುಬತ್ತಿ ಹಚ್ಚಿದರು. ಫಿನಾಯಿಲ್ ಹಾಕಿ ಒರೆಸಿದರು. ಗಿಡ ಮಾತ್ರ ತುದಿಯಲ್ಲಿ ಕೆಂಪು ಚಿಗುರಿನ ಸುರುಳಿ ಬಿಚ್ಚುತ್ತ ಜಮ್ಮೆಂದು ನಿಂತಿತ್ತು. ಅದನ್ನು ಹೊರಗಿಡು ಎಂದರೆ ವೇಣುಗೋಪಾಲ ಒಪ್ಪಲಿಲ್ಲ.

“ನಂಗೇನೂ ವಾಸನೆ ಬರ್ತಿಲ್ಲ. ಅನುಮಾನಂ ಪೆದ್ದ ರೋಗಂ ಕಣಮ್ಮ, ಅದಕ್ಕಿಂತ ದೊಡ್ಡ ಕಾಯಿಲೆ ಇಲ್ಲ,” ಎಂದ.

“ನಿಂಗೆ ನೆಗಡಿ,” ಎಂದು ಬೈದು ಅವರು ತನುಜಳಿಗೆ ಫೋನ್ ಮಾಡಿದರು. “ಏನೇ ಹಾಕಿದೀಯ ಅದ್ರೊಳಗೆ?”

“ಹೇಳಿದ್ನಲ್ಲಮ್ಮ, ಗೊಬ್ಬರ. ವಾಸನೆ ಬರ್ತಿದ್ಯಾ? ಯಾವ ಥರದ್ದು?”

“ನಿಮ್ಮನೇದು!”

ಆ ಕಡೆಯಿಂದ ಫೋನ್ ಕಟ್ಟಾಯಿತು.

ಭಾನುವಾರ ನರಸಿಂಹಪ್ಪನವರು ಹೆಂಡತಿ ಅನಸೂಯಮ್ಮನ ಜೊತೆ ಬಂದರು. ಮನೆ ಹಿಡಿಸಿತು. ಹುಡುಗನೂ ಹಿಡಿಸಿದ. ಗಿಡವನ್ನಂತೂ ಅನಸೂಯಮ್ಮ ಮುಟ್ಟಿ ಮುಟ್ಟಿ ನೋಡಿದರು. ಅವರು ಎಲೆ ಮುಟ್ಟಿದಷ್ಟೂ ಲಕ್ಷ್ಮೀನರಸಮ್ಮನವರ ಜೀವ ಬಾಯಿಗೆ ಬರುತ್ತಿತ್ತು. ಕಾಫಿ ಬಂದಾಗ ತಡೆಯಲಾಗಲಿಲ್ಲ.

“ತಪ್ಪು ತಿಳೀಬೇಡಿ. ಈ ವಾಸನೆ ನಮ್ಮನೇದಲ್ಲ.”

“ಯಾವ ವಾಸನೆ?” ಎಂದರು ಅನಸೂಯಮ್ಮ.

“ಮರ್ಯಾದೆಗೆ ಹಂಗಂತೀರ, ನಂಗೊತ್ತು. ಶಿಡ್ಲಘಟ್ಟದಲ್ಲಿ ನೂಲು ತೆಗೆಯೋ ಪಾಪಯ್ಯ ಅಂತ, ಅವನ ಮಗಳು ಬುಡಕ್ಕೆ ಸತ್ತ ಹುಳ ತುಂಬಿ ಹೋಗವ್ಳೆ. ಆ ಜನ ಎಷ್ಟು ತೊಳ್ಕೊಂಡ್ರೂ ನಾತ ಹೋಗಲ್ಲ ನೋಡಿ.”

ನರಸಿಂಹಪ್ಪ ಲೋಟ ಕೆಳಗಿಟ್ಟರು. ಎರಡೂ ಅಂಗೈ ಚಾಚಿದರು. ಬೆರಳ ತುದಿಗಳು ಬೆಂದು ನುಣ್ಣಗಾಗಿದ್ದವು.

“ಬಂಕು ಮೊನ್ನೆ ಮೊನ್ನೆ ಬಂದಿದ್ದಮ್ಮ. ಅದಕ್ಕೂ ಮುಂಚೆ ಬಿಸಿನೀರಲ್ಲಿ ಗೂಡು ಬಿಚ್ಚಿದ ಕೈ ಇದು, ಅದೇ ಪಾಪಯ್ಯನ ಪಕ್ಕದಲ್ಲಿ ಕೂತು. ಆ ವಾಸನೆ ಇದ್ದಿದ್ರೆ ಮೊದಲು ನಂಗೇ ಗೊತ್ತಾಗೋದು.”

ಅನಸೂಯಮ್ಮ ಕಾಫಿ ಮುಟ್ಟದೆ ಎದ್ದರು.

ಕಾರಿನ ಸದ್ದು ಬೀದಿ ದಾಟುವ ಮುಂಚೆಯೇ ಲಕ್ಷ್ಮೀನರಸಮ್ಮ ಗಿಡಕ್ಕೆ ಜೋತುಬಿದ್ದು ಕುಂಡ ಸಮೇತ ಕೆಡವಿದರು. ವೇಣುಗೋಪಾಲ ಹಿಡಿಯಲು ಬಂದರೆ ತಳ್ಳಿದರು. ಹೊಸ ಸುರುಳಿ ಮುರಿಯಿತು, ಕೊಂಬೆ ಸೀಳಿತು. ಎರಡೂ ಕೈಯಲ್ಲಿ ಬಗೆದು ಬಗೆದು ತಳದವರೆಗೆ ಹುಡುಕಿದರು.

ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ. ಒಂದೇ ಒಂದು ಹುಳುವೂ ಸಿಗಲಿಲ್ಲ.

ಲಕ್ಷ್ಮೀನರಸಮ್ಮ ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದರು, ಮೂಸಿ ನೋಡಿದರು, ಮತ್ತೆ ತೊಳೆದರು.