ಶುಭ ಶುಕ್ರವಾರದ ಸುತ್ತಿಗೆ

ತೇಗ ಕೊಯ್ಯುವ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನ್ನ ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತವೆ.

ಅರಸೀಕೆರೆಯ ರೈಲ್ವೆ ಸ್ಟೇಷನ್ನಿನ ಹಿಂದೆ ಅಪ್ಪ, ಚಿಕ್ಕಪ್ಪ ಮರಗೆಲಸ ಮಾಡುತ್ತಿದ್ದರು. ನನಗಾಗ ಒಂಬತ್ತು ವರ್ಷ. ಶುಭ ಶುಕ್ರವಾರದ ಮಧ್ಯಾಹ್ನ, ಉಪವಾಸದ ಹೊಟ್ಟೆಯಲ್ಲೇ ಇಬ್ಬರೂ ಚರ್ಚಿನ ಶಿಲುಬೆಗೆ ಹೊಸ ಅಡ್ಡಪಟ್ಟಿ ಕೂರಿಸುತ್ತಿದ್ದರು. ಚಿಕ್ಕಪ್ಪ ಆಗಷ್ಟೇ ಹಾಸನದ ಯಾವುದೋ ಪ್ರಾರ್ಥನಾ ಗುಂಪಿಗೆ ಹೋಗತೊಡಗಿದ್ದರು.

"ದೇವ್ರಿಗೆಲ್ಲಿ ನೋವಾಯ್ತದಣ್ಣ? ಮೊಳೆ ಹೊಡ್ದಿದ್ದು ಬರೀ ಮೈಗೆ. ಯೇಸುವಿನೊಳಗಿದ್ದ ದೇವ್ರು ಅಷ್ಟೊತ್ಗೆ ಹೊಂಟೋಗಿದ್ದ," ಎಂದರು ಚಿಕ್ಕಪ್ಪ.

"ಹಂಗಾದ್ರೆ ನಮಗೋಸ್ಕರ ಸತ್ತಿದ್ದು ಯಾರ್ಲಾ?" ಅಪ್ಪ ಸುತ್ತಿಗೆಯ ಏಟು ನಿಲ್ಲಿಸಿ ಕೇಳಿದರು.

"ಮನುಷ್ಯ. ಬರೀ ಮನುಷ್ಯ."

ಅಪ್ಪ ತಮ್ಮನ ಎಡಗೈಯನ್ನು ಸೆಳೆದು ಹಲಗೆಯ ಮೇಲೆ ಒತ್ತಿ ಹಿಡಿದು ಸುತ್ತಿಗೆ ಬೀಸಿದರು. ಮೂಳೆ ಮುರಿದ ಸದ್ದು ಬಾಗಿಲಲ್ಲಿದ್ದ ನನಗೂ ಕೇಳಿಸಿತು. ಮರದ ಹೊಟ್ಟು ರಕ್ತ ಕುಡಿದು ಮುದ್ದೆಯಾಯಿತು.

"ಈಗ ಹೇಳ್ಲಾ! ನೋವಾಗಿದ್ದು ನಿನ್ ಮೈಗೋ, ನಿಂಗೋ?" ಅಪ್ಪ ಮತ್ತೆ ಸುತ್ತಿಗೆ ಎತ್ತಿದರು.

"ನಂಗೆ ಕಣಣ್ಣ! ನಂಗೇ!" ಚಿಕ್ಕಪ್ಪ ಕಿರುಚಿದರು.

ಒಳಗಿದ್ದ ಅಜ್ಜಿ ಓಡಿ ಬಂದು ಅಪ್ಪನ ಕೆನ್ನೆಗೆ ಬಾರಿಸಿದಳು. ಸೆರಗು ಹರಿದು ಚಿಕ್ಕಪ್ಪನ ಕೈಗೆ ಸುತ್ತುತ್ತಾ ಅಂದಳು: "ನಾನೇನು ಬರೀ ಮೈಯ ಹೆತ್ತಿದ್ನೇನೋ? ನಿನ್ ತಮ್ಮನ್ನ ಹೆತ್ತಿದ್ದೆ ಕಣೋ. ದೇವ್ರ ಪರವಾಗಿ ಇವನನ್ನ ಜಜ್ಜಿದ್ಯಲ್ಲೋ!"

ಅಪ್ಪ ಸುತ್ತಿಗೆ ಬಿಸಾಕಿ ತಮ್ಮನನ್ನು ಆಸ್ಪತ್ರೆಗೆ ಕರೆದೊಯ್ದರು.

ಸಂಜೆ ಇಬ್ಬರೂ ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ಚರ್ಚಿನ ಶಿಲುಬೆ ಮೆರವಣಿಗೆಗೆ ಹೋಗಲಿಲ್ಲ. ಚಿಕ್ಕಪ್ಪನ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಗಂಜಿಯ ಚಮಚ ಅವರ ತುಟಿಯ ಹತ್ತಿರ ಹಿಡಿದರು. ಚಿಕ್ಕಪ್ಪ ಬಾಯಿ ತೆರೆಯುವ ಹೊತ್ತಿಗೆ ಗಂಜಿ ಪೂರ್ತಿ ತಣ್ಣಗಾಗಿತ್ತು.