ಸತ್ತವರ ಪಾಲು

ಆತ್ಮವಿಲ್ಲವೆಂದು ಆಳುವ ಪಕ್ಷ ಕಾನೂನು ಮಾಡಿ ತಲೆಮಾರುಗಳೇ ಕಳೆದಿದ್ದವು. ಊರಿಗೆಲ್ಲ ಒಂದೇ ಅಡುಗೆಮನೆ. ದುಡಿದವರ ಅಂಗೈ ನೋಡಿ ಯಂತ್ರ ಅನ್ನ ಬಡಿಸುತ್ತಿತ್ತು. ಗಂಡ ಸತ್ತಾಗಲೂ ಅಳದಿದ್ದ ವಾರಿಜಾ, ಹನ್ನೊಂದನೆಯ ದಿನ ತನ್ನ ಪಾಲಿನ ಅನ್ನವನ್ನು ಎಲೆಗೆ ಹಾಕಿ, ಕಾಗೆಗೆಂದು ಅಡುಗೆಮನೆಯ ಅಂಗಳದಲ್ಲಿಟ್ಟಳು.

"ಎಲೆ ತೆಗೀರಿ ಅಕ್ಕ," ಎಂದ ಮೇಲ್ವಿಚಾರಕ ತಿಪ್ಪಣ್ಣ. "ದುಡಿಯದೋರಿಗೆ ಪಾಲಿಲ್ಲ. ಸತ್ತೋರು ಏನು ದುಡೀತಾರೆ? ಮೇಲಿನವ್ರಿಗೆ ಗೊತ್ತಾದ್ರೆ ನಿಮ್ಮ ಅನ್ನಾನೂ ನಿಲ್ತೈತಿ."

ಅಂಗಳದ ನಡುವೆ, ಪಕ್ಷ ಕಟ್ಟಿ ಸತ್ತ ನಾಯಕನ ಪ್ರತಿಮೆಯಿತ್ತು. ಅದಕ್ಕೆ ತಿಪ್ಪಣ್ಣನೇ ಬೆಳಿಗ್ಗೆ ಮಾಲೆ ಹಾಕಿ ಮೊದಲ ತುತ್ತು ಇಟ್ಟಿದ್ದ.

"ಇವರು ಇವತ್ತು ಯಾವ ಪಾಳಿ ದುಡಿದ್ರಣ್ಣ?" ಎಂದಳು ವಾರಿಜಾ, ಪ್ರತಿಮೆಯತ್ತ ಕೈ ತೋರಿಸಿ.

ಅನ್ನಕ್ಕೆ ನಿಂತಿದ್ದ ಸಾಲಿನಲ್ಲಿ ಯಾರೋ ನಕ್ಕರು. ತಿಪ್ಪಣ್ಣ ನಗಲಿಲ್ಲ. ತನ್ನ ತಟ್ಟೆಯಿಂದ ಒಂದು ತುತ್ತು ತೆಗೆದು ಎಲೆಗಿಟ್ಟ. "ನಮ್ಮಪ್ಪಂಗೆ," ಎಂದ.

ಸಾಲು ಅವನ ಹಿಂದೆ ಬಂತು. ಎಲೆ ಸಾಲದೆ ಇನ್ನೊಂದು ಹಾಸಬೇಕಾಯಿತು. ಕಾಗೆಗಳು ನಾಯಕನ ತಲೆಯ ಮೇಲಿಂದಲೇ ಹಾರಿಬಂದವು.